ಫೋಟೋ ಬೇಡ, ಹಸಿದ ಮಗುವನ್ನು ಕರೆತನ್ನಿ

ಹನ್ನೊಂದು ದಿನದ ಮಗುವಿನ ತಂದೆಯೊಬ್ಬರು ನನ್ನ ಮೇಜಿನ ಮೇಲೆ ಮೊಬೈಲ್ ಇಟ್ಟರು. ಪರದೆಯಲ್ಲಿ ಮಗುವಿನ ತೆರೆದ ಬಾಯಿ, ಟಾರ್ಚಿನ ಬೆಳಕಿಗೆ ಕೆಂಪಗೆ ಹೊಳೆಯುವ ನಾಲಿಗೆಯ ಅಡಿಭಾಗ, ನಡುವೆ ಬೆಳ್ಳಗಿನ ಒಂದು ಎಳೆ. “ಮೇಡಂ, ಇದನ್ನು ಕತ್ತರಿಸಬೇಕೋ ಬೇಡವೋ, ಅಷ್ಟು ಹೇಳಿಬಿಡಿ” ಎಂದರು. ಮಗು ಎಲ್ಲಿ ಎಂದು ಕೇಳಿದೆ. ಹೊರಗೆ ಕಾರಿನಲ್ಲಿ ಅಜ್ಜಿಯ ತೊಡೆಯ ಮೇಲೆ ಮಲಗಿದೆಯಂತೆ. ಆಸ್ಪತ್ರೆಯಲ್ಲಿ ಅಳದಿರಲಿ ಎಂದು ಹೊರಡುವ ಮುಂಚೆಯೇ ಬಾಟಲಿಯಲ್ಲಿ ಹೊಟ್ಟೆ ತುಂಬ ಕುಡಿಸಿದ್ದಾರಂತೆ. ಮಗುವಿನ ತಾಯಿ? “ಬಾಣಂತಿಗೆ ಗಾಳಿ ತಾಕುತ್ತದೆ ಎಂದು ಮನೆಯಲ್ಲಿಯೇ ಬಿಟ್ಟು ಬಂದೆವು.”

ಮಕ್ಕಳ ವೈದ್ಯಳಾಗಿ ಇಪ್ಪತ್ತಾರು ವರ್ಷ ಕಳೆದಿವೆ. ಹಿಂದೆಲ್ಲ ‘ಟಂಗ್ ಟೈ’, ಅಂದರೆ ಅಡಿಯ ಎಳೆಯಿಂದ ನಾಲಿಗೆ ಬಿಗಿದುಕೊಂಡಿರುವುದು, ಎಂಬ ಮಾತನ್ನು ಪೋಷಕರ ಬಾಯಲ್ಲಿ ಕೇಳುತ್ತಿದ್ದುದು ವರ್ಷಕ್ಕೆ ಒಂದೋ ಎರಡೋ ಸಲ. ಈಗ ಇಂತಹ ಫೋಟೋಗಳು ವಾರಕ್ಕೆ ಮೂರು ನಾಲ್ಕು ಬರುತ್ತವೆ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದ ತಾಯಂದಿರು ಅಲ್ಲಿಂದಲೂ ಕಳಿಸುತ್ತಾರೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಹಾಲು ಕುಡಿಯಲಾಗದೆ ಅಳುವ ಕೂಸು, ನೋವಿನಿಂದ ಅಳುವ ಬಾಣಂತಿ, ಇವರಿಬ್ಬರ ನಡುವೆ ನಿದ್ದೆಗೆಟ್ಟ ಮನೆ. ಯಾರಾದರೂ ಒಂದು ಕಾರಣವನ್ನು ಬೆರಳಿಟ್ಟು ತೋರಿಸಿದರೆ ಎಷ್ಟೋ ಸಮಾಧಾನ. ಆದರೆ ಫೋಟೋ ನೋಡಿ ಈ ತೀರ್ಮಾನ ಮಾಡಲು ನನ್ನಿಂದ ಆಗುವುದಿಲ್ಲ. ಯಾವ ವೈದ್ಯರಿಂದಲೂ ಆಗಬಾರದು.

ಏಕೆಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನೂರು ಸಲ ಹೇಳಿದರೂ ಮನೆಗೆ ಹೋಗುವಷ್ಟರಲ್ಲಿ ಮರೆತುಹೋಗುವ ಮಾತು ಇದೊಂದೇ.

ಕನ್ನಡಿಯ ಮುಂದೆ ನಿಂತು ನಿಮ್ಮ ನಾಲಿಗೆಯನ್ನು ಮೇಲೆತ್ತಿ. ನಿಮಗೂ ಆ ಎಳೆ ಕಾಣುತ್ತದೆ. ನನಗೂ ಇದೆ. ಬಹಳ ಕಾಲ ಅದನ್ನು ನಾಲಿಗೆಯನ್ನು ಬಾಯಿಯ ತಳಕ್ಕೆ ಬಿಗಿದ ಹಗ್ಗದಂತೆ ವಿವರಿಸುತ್ತಿದ್ದರು. 2019ರಲ್ಲಿ ನ್ಯೂಜಿಲೆಂಡಿನ ವೈದ್ಯರೊಬ್ಬರ ನೇತೃತ್ವದಲ್ಲಿ ಪ್ರಕಟವಾದ ಅಂಗರಚನಾ ಅಧ್ಯಯನಗಳು ಆ ಕಲ್ಪನೆಯನ್ನು ತಿದ್ದಿದವು. ಬಾಯಿಯ ತಳದಲ್ಲಿ ಹರಡಿಕೊಂಡಿರುವ ತೆಳು ಪೊರೆಯೊಂದು, ನಾಲಿಗೆ ಮೇಲೆದ್ದಾಗ ಮಡಿಕೆಯಾಗಿ ಎದ್ದು ನಿಲ್ಲುತ್ತದೆ. ಸೀರೆಯನ್ನು ನಡುವೆ ಚಿವುಟಿ ಎತ್ತಿದರೆ ನೆರಿಗೆ ಏಳುವ ಹಾಗೆ. ಕೆಲವರಲ್ಲಿ ಆ ಮಡಿಕೆ ತೆಳುವಾಗಿರುತ್ತದೆ, ಕೆಲವರಲ್ಲಿ ದಪ್ಪ. ಕೆಲವರಲ್ಲಿ ಹಿಂದೆಯೇ ನಿಲ್ಲುತ್ತದೆ, ಇನ್ನು ಕೆಲವರಲ್ಲಿ ನಾಲಿಗೆಯ ತುದಿಯವರೆಗೂ ಬರುತ್ತದೆ. ಎಳೆ ಕಾಣುತ್ತದೆ ಎಂಬುದೇ ರೋಗವಾಗುವುದಿಲ್ಲ. ಎಳೆ ತುದಿಯವರೆಗೆ ಬಂದಿದ್ದರೂ ತೊಂದರೆ ಇದ್ದೇ ಇರುತ್ತದೆ ಎನ್ನುವಂತಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2024ರ ತನ್ನ ವರದಿಯಲ್ಲಿ, ಟಂಗ್ ಟೈ ಲಕ್ಷಣ ಕಾಣುವ ಶಿಶುಗಳಲ್ಲಿ ಎದೆಹಾಲು ಕುಡಿಯಲು ಕಷ್ಟಪಡುವವರು ಅರ್ಧಕ್ಕಿಂತ ಕಡಿಮೆ ಎಂದು ಹೇಳಿದೆ. ಅಂದರೆ ಬಾಯಿ ಮಾತ್ರ ನೋಡಿ ಕತ್ತರಿ ಹಿಡಿದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಸುಮ್ಮನೆ ಗಾಯ ಮಾಡಿದಂತಾಗುತ್ತದೆ.

ಹಾಗಾದರೆ ನೋಡಬೇಕಾದದ್ದು ಏನು? ಮಗು ಹಾಲು ಕುಡಿಯುವುದನ್ನು. ಕುಡಿಯುವಾಗ ನಾಲಿಗೆ ಕೆಳ ಒಸಡನ್ನು ದಾಟಿ ಮುಂದೆ ಬರಬೇಕು, ಬದಿಗಳು ಮೇಲೆದ್ದು ದೊನ್ನೆಯಂತಾಗಬೇಕು, ಹಿಂಭಾಗ ಕೆಳಗಿಳಿದು ಬಾಯೊಳಗೆ ಸೆಳೆತ ಹುಟ್ಟಬೇಕು. ಇದು ಆಗುತ್ತದೋ ಇಲ್ಲವೋ ಎಂಬುದು ಎಳೆಯೊಂದರಿಂದಲೇ ನಿರ್ಧಾರವಾಗುವುದಿಲ್ಲ. ಮಗುವಿನ ಬಾಯೊಳಗೆ ಎಷ್ಟು ಎದೆ ಹೋಗಿದೆ, ಕುತ್ತಿಗೆ ಹೇಗಿದೆ, ತಾಯಿ ಹೇಗೆ ಕುಳಿತಿದ್ದಾಳೆ ಎಂಬುದೂ ಅಷ್ಟೇ ಮುಖ್ಯ. ತೊಟ್ಟು ಬಿರಿಯುವುದು, ಕುಡಿಯುವಾಗ ಲೊಚ್‌ ಲೊಚ್‌ ಸದ್ದು, ಗಂಟೆಗಟ್ಟಲೆ ಚೀಪಿದರೂ ತೀರದ ಹಸಿವು, ಏರದ ತೂಕ, ಇವೆಲ್ಲ ನಾಲಿಗೆಯ ಬಿಗಿತದಿಂದಲೂ ಬರುತ್ತವೆ, ತಪ್ಪು ಭಂಗಿಯಿಂದಲೂ ಬರುತ್ತವೆ. ಭಂಗಿಯನ್ನು ಎರಡು ನಿಮಿಷದಲ್ಲಿ ತಿದ್ದಬಹುದು. ಹಾಗಾಗಿ ಅದನ್ನು ಮೊದಲು ತಿದ್ದಿ ನೋಡದೆ ಕತ್ತರಿ ತೆಗೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಮರುದಿನ ಆ ತಂದೆ ಹೆಂಡತಿಯನ್ನೂ ಕರೆತಂದರು. ಮಗುವಿಗೆ ಮತ್ತೆ ಹೊಟ್ಟೆ ತುಂಬಿತ್ತು. ಹಸಿಯುವವರೆಗೂ ಕಾಯುವುದೆಂದು ತೀರ್ಮಾನಿಸಿದೆವು. ಒಂದೂಕಾಲು ಗಂಟೆ ಬೇಕಾಯಿತು. ಅಷ್ಟರಲ್ಲಿ ನಾಲ್ಕು ಮಕ್ಕಳಿಗೆ ಲಸಿಕೆ ಹಾಕಿ ಬಂದೆ. ಹುಡುಗಿ ಹಾಲೂಡಿಸಲು ಕುಳಿತಳು. ಬೆನ್ನು ಬಿಲ್ಲಿನಂತೆ ಬಾಗಿತ್ತು. ಮಗು ಅಂಗಾತ ಮಲಗಿತ್ತು, ಮುಖ ಮಾತ್ರ ಎದೆಯ ಕಡೆಗೆ ತಿರುಗಿತ್ತು. ಅಂತಹ ತಾಯಂದಿರಿಗೆ ನಾನು ಹೇಳುವುದು ಒಂದೇ: ತಲೆಯನ್ನು ಭುಜದ ಕಡೆಗೆ ತಿರುಗಿಸಿಕೊಂಡು ಒಂದು ಲೋಟ ನೀರು ಕುಡಿದು ನೋಡಮ್ಮ, ಗಂಟಲಿಗೆ ಇಳಿಯುತ್ತದೆಯೇ ಎಂದು.

ಬೆನ್ನಿಗೆ ದಿಂಬು ಕೊಟ್ಟು ಅವಳನ್ನು ಒರಗಿಸಿದೆವು. ಮಗುವನ್ನು ಅವಳ ಹೊಟ್ಟೆಗೆ ಹೊಟ್ಟೆ ತಾಗುವಂತೆ ತಿರುಗಿಸಿ, ಕಿವಿ, ಭುಜ, ಸೊಂಟ ಒಂದೇ ಗೆರೆಗೆ ಬರುವಂತೆ ಹಿಡಿಸಿದೆವು. ತೊಟ್ಟನ್ನು ಮಗುವಿನ ಮೂಗಿನ ನೇರಕ್ಕೆ ತಂದಾಗ ಅದು ತಲೆ ಹಿಂದಕ್ಕೆ ಮಾಡಿ ಆಕಳಿಸುವಂತೆ ಬಾಯಿ ತೆರೆಯಿತು. ಆ ಕ್ಷಣದಲ್ಲಿ ಮಗುವನ್ನು ಎದೆಗೆ ತಂದೆವು. ಎದೆಯನ್ನು ಮಗುವಿನ ಕಡೆಗೆ ಒಯ್ಯಬಾರದು. ಗದ್ದ ಎದೆಗೆ ಒತ್ತಿರಬೇಕು, ಕೆಳತುಟಿ ಹೊರಕ್ಕೆ ಮಡಿಚಿರಬೇಕು, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಕೆಳಗಿಗಿಂತ ಮೇಲೆ ಹೆಚ್ಚು ಕಾಣಬೇಕು. ತೊಟ್ಟನ್ನಷ್ಟೇ ಬಾಯಿಗಿಟ್ಟರೆ ಅದು ಗಟ್ಟಿ ಅಂಗುಳಕ್ಕೆ ಒತ್ತಿ ಜಜ್ಜಿಹೋಗುತ್ತದೆ. ಬಾಯಿ ತುಂಬ ಎದೆ ಹೋದರೆ ತೊಟ್ಟು ಹಿಂದಿನ ಮೆತ್ತನೆಯ ಭಾಗದ ಬಳಿಗೆ ತಲುಪುತ್ತದೆ, ನೋವಾಗುವುದಿಲ್ಲ. ಆ ಹುಡುಗಿ ಮೊದಲು ಹಲ್ಲು ಕಚ್ಚಿದ್ದಳು. ಸ್ವಲ್ಪ ಹೊತ್ತಿಗೆ ಭುಜಗಳು ಸಡಿಲವಾದವು. ಮಗು ಗುಟುಕು ನುಂಗುವ ಸದ್ದು ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು. ಅಜ್ಜಿ ಮಾತ್ರ, “ಬಾಯಲ್ಲಿ ದಾರ ಹಾಗೆಯೇ ಇದೆಯಲ್ಲ ಮೇಡಂ?” ಎಂದರು. ಇದೆ, ಇರಲಿ ಬಿಡಿ ಅಜ್ಜಿ ಎಂದೆ. ಆ ದಿನ ಮಗು 2.84 ಕಿಲೋ ತೂಗಿತು, ಐದು ದಿನದ ಮೇಲೆ 2.98. ಎಳೆ ಈಗಲೂ ಅಲ್ಲಿಯೇ ಇದೆ.

ತೂಕದ ಲೆಕ್ಕ ಎಲ್ಲರಿಗೂ ತಿಳಿದಿರಬೇಕು. ಮೊದಲ ದಿನಗಳಲ್ಲಿ ಹುಟ್ಟಿದ ತೂಕದ ಶೇ 7ರಿಂದ 10ರಷ್ಟು ಇಳಿಯುವುದು ಸಹಜ. 10ರಿಂದ 14 ದಿನಗಳೊಳಗೆ ಅದು ಮರಳಬೇಕು, ಆಮೇಲೆ ದಿನಕ್ಕೆ 25ರಿಂದ 30 ಗ್ರಾಂನಂತೆ ಏರಬೇಕು. ಐದನೆಯ ದಿನದಿಂದಾಚೆಗೆ ದಿನಕ್ಕೆ ಆರು ಬಾರಿಯಾದರೂ ಮೂತ್ರ ಹೋಗಬೇಕು.

ಇಷ್ಟು ಓದಿ ನಾನು ಕತ್ತರಿಯ ವಿರೋಧಿ ಎಂದುಕೊಳ್ಳಬೇಡಿ. ಹೋದ ವರ್ಷ ಬಂದ ಹದಿನಾರು ದಿನದ ಕೂಸೊಂದು ಹುಟ್ಟಿದ ತೂಕಕ್ಕಿಂತ ಇನ್ನೂ 180 ಗ್ರಾಂ ಕಡಿಮೆ ಇತ್ತು. ಅತ್ತಾಗ ನಾಲಿಗೆಯ ತುದಿ ನಡುವೆ ಒಳಸೇರಿ ಹೃದಯದ ಆಕಾರವಾಗುತ್ತಿತ್ತು, ಒಸಡು ದಾಟಿ ಬರುತ್ತಿರಲಿಲ್ಲ, ಮೇಲಕ್ಕೂ ಏಳುತ್ತಿರಲಿಲ್ಲ. ನಮ್ಮ ಸಿಸ್ಟರ್ ನಾಲ್ಕು ದಿನ ಪಕ್ಕದಲ್ಲಿ ಕುಳಿತು ಭಂಗಿ ತಿದ್ದಿದರು. ಆದರೂ ಪ್ರತಿಸಲ ಕುಡಿದು ಬಿಟ್ಟಾಗ ತೊಟ್ಟು ಹೊಸ ಲಿಪ್‌ಸ್ಟಿಕ್ಕಿನ ತುದಿಯಂತೆ ಓರೆಯಾಗಿ ಚಪ್ಪಟೆಯಾಗಿರುತ್ತಿತ್ತು, ಬಿರುಕಿನಿಂದ ರಕ್ತ ಜಿನುಗುತ್ತಿತ್ತು. ಆ ತಾಯಿಯನ್ನು ಇನ್ನೂ ಕಾಯಿಸುವುದು ತಪ್ಪಾಗುತ್ತಿತ್ತು. ಮಗುವನ್ನು ಬಟ್ಟೆಯಲ್ಲಿ ಸುತ್ತಿ, ನಾಲಿಗೆ ಎತ್ತಿ ಹಿಡಿದು, ಮೊಂಡು ತುದಿಯ ಶುದ್ಧೀಕರಿಸಿದ ಕತ್ತರಿಯಿಂದ ಪೊರೆಯನ್ನು ಬಿಡಿಸಿದೆ. ಕೆಲವು ಹನಿ ರಕ್ತ ಬಂತು. ತಕ್ಷಣ ಎದೆಗೆ ಹಾಕಿದೆವು. ಗಾಯದ ಜಾಗದಲ್ಲಿ ಕೆಲವು ದಿನ ಬಿಳಿ ಹಳದಿ ಮಚ್ಚೆ ಕಾಣುತ್ತದೆ. ಅದು ಕೀವಲ್ಲ, ಉಜ್ಜಿ ತೆಗೆಯಬೇಡಿ.

ಆ ತಾಯಿಯ ನೋವು ಅಂದೇ ಇಳಿಯಿತು. ಎಲ್ಲರಿಗೂ ಹೀಗಾಗುತ್ತದೆ ಎಂದು ಮಾತು ಕೊಡಲಾರೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2017ರ ವಿಮರ್ಶೆ ಐದು ಪ್ರಯೋಗಗಳ 302 ಶಿಶುಗಳ ಫಲಿತಾಂಶವನ್ನು ಒಟ್ಟುಗೂಡಿಸಿತು. ತಾಯಿಯ ತೊಟ್ಟಿನ ನೋವು ಸದ್ಯಕ್ಕೆ ಕಡಿಮೆಯಾಗುತ್ತದೆ ಎಂಬುದು ಸ್ಪಷ್ಟವಾಯಿತು. ಮಗು ಕುಡಿಯುವ ರೀತಿ ಸುಧಾರಿಸುತ್ತದೆ ಎಂಬುದಕ್ಕೆ ಎಲ್ಲ ಕಡೆಯೂ ಒಂದೇ ಉತ್ತರ ಸಿಗಲಿಲ್ಲ. ಬ್ರಿಟನ್ನಿನಲ್ಲಿ 169 ಶಿಶುಗಳ ಮೇಲೆ ನಡೆದ ಇನ್ನೊಂದು ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಮೂರು ತಿಂಗಳಾದಾಗ ಎದೆಹಾಲು ಕುಡಿಯುತ್ತಿದ್ದವರ ಪ್ರಮಾಣ ಕತ್ತರಿಸಬೇಕೆಂದಿದ್ದ, ಕತ್ತರಿಸಬಾರದೆಂದಿದ್ದ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ಆದರೆ ಕತ್ತರಿಸಬಾರದೆಂದಿದ್ದ ಗುಂಪಿನ ಬಹುಪಾಲು ಮಕ್ಕಳಿಗೂ ನಡುವೆ ಶಸ್ತ್ರಕ್ರಿಯೆ ಆಗಿಬಿಟ್ಟಿತ್ತು. ಹಾಗಾಗಿ ಅದನ್ನು ಮುಂದಿಟ್ಟು ‘ಪ್ರಯೋಜನವೇ ಇಲ್ಲ’ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಲೇಸರ್ ಕತ್ತರಿಗಿಂತ ಮೇಲು ಎಂದು ಸಾಬೀತಾಗಿಲ್ಲ. ಮೇಲ್ತುಟಿಯ ಎಳೆ, ಕೆನ್ನೆಯ ಎಳೆ ಎಂದು ಮೂರು ನಾಲ್ಕನ್ನು ಒಂದೇ ಪ್ಯಾಕೇಜಿನಲ್ಲಿ ಕತ್ತರಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ.

ಪುಟ್ಟ ಕೆಲಸವಾದರೂ ಅದು ಶಸ್ತ್ರಕ್ರಿಯೆಯೇ. ರಕ್ತಸ್ರಾವ, ಸೋಂಕು, ಜೊಲ್ಲಿನ ನಾಳಕ್ಕೆ ಪೆಟ್ಟು, ಮತ್ತೆ ಅಂಟಿಕೊಳ್ಳುವುದು, ಇವು ಅಪರೂಪವಾದರೂ ಆಗುತ್ತವೆ. ಗದ್ದ ತೀರಾ ಒಳಸೇರಿದ ಶಿಶುವಿನಲ್ಲಿ ನಾಲಿಗೆಯನ್ನು ಬಿಡಿಸಿದರೆ ಅದು ಹಿಂದಕ್ಕೆ ಬಿದ್ದು ಉಸಿರಿಗೆ ಅಡ್ಡಬರಬಹುದು. ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಚುಚ್ಚುಮದ್ದನ್ನು ಹುಟ್ಟಿದಾಗ ಕೊಟ್ಟಿದ್ದಾರೆಯೇ ಎಂದು ತಾಯಿ ಕಾರ್ಡಿನಲ್ಲಿ ನೋಡದೆ ನಾನು ಮುಂದುವರಿಯುವುದಿಲ್ಲ. ಮನೆಯಲ್ಲಿ ಯಾರಿಗಾದರೂ ರಕ್ತ ನಿಲ್ಲದ ತೊಂದರೆ ಇದೆಯೇ ಎಂದೂ ಕೇಳುತ್ತೇನೆ. ಒಮ್ಮೆ ಗಂಡು ಮಗುವೊಂದಕ್ಕೆ ಎಲ್ಲ ಸಿದ್ಧವಾಗಿತ್ತು. ತಂದೆ ತಾಯಿ ಇಬ್ಬರೂ “ಏನೂ ಇಲ್ಲ” ಎಂದರು. ಮೂಲೆಯಲ್ಲಿ ಕುಳಿತಿದ್ದ ತಾಯಿಯ ತಾಯಿ ಮೆಲ್ಲಗೆ, “ನನ್ನ ಮಗನಿಗೆ ಹಲ್ಲು ಕೀಳಿಸಿದಾಗ ಮೂರು ದಿನ ರಕ್ತ ನಿಂತಿರಲಿಲ್ಲ” ಎಂದರು. ಕತ್ತರಿಯನ್ನು ಟ್ರೇಗೆ ಹಾಕಿದೆ. ಪರೀಕ್ಷೆಯಲ್ಲಿ ಮಗುವಿಗೆ ಹಿಮೋಫೀಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ, ಎಂದು ತಿಳಿಯಿತು. ತಾಯಿ ಹಾಲು ಹಿಂಡಿ, ಹಳೆಯ ಬೆಳ್ಳಿ ಒಳಲೆಯಲ್ಲಿ ಕುಡಿಸಿ ಆ ಮಗುವನ್ನು ಬೆಳೆಸಿದಳು. ಆ ಅಜ್ಜಿ ಅಂದು ಬಾಯಿ ಬಿಡದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ಇನ್ನು ಮಾತಿನ ವಿಷಯ. “ಈಗ ಹಾಲು ಕುಡಿಯುತ್ತಾನೆ ಸರಿ, ಮುಂದೆ ಮಾತು ಬಾರದಿದ್ದರೆ?” ಎಂಬ ಭಯ ನಮ್ಮಲ್ಲಿ ಬಹಳ ಆಳವಾಗಿದೆ. ಬಜೆ ತೇಯ್ದು ಜೇನುತುಪ್ಪದಲ್ಲಿ ಕಲಸಿ ನಾಲಿಗೆಗೆ ಸವರುವುದೂ ಇದೇ ಭಯದಿಂದ. ವರ್ಷ ತುಂಬುವವರೆಗೆ ದಯವಿಟ್ಟು ಜೇನು ಬೇಡ, ಅದರಿಂದ ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಮಾತಿನ ಬಗ್ಗೆ ನಮ್ಮ ಅಕ್ಷರಮಾಲೆಯನ್ನೇ ಕೇಳಿ ನೋಡಿ. ಅಮ್ಮ, ಅಪ್ಪ, ಪಾಪ, ಮಾಮ, ಬಾ: ಇವೆಲ್ಲ ತುಟಿಯ ಅಕ್ಷರಗಳು, ನಾಲಿಗೆಯ ತುದಿಗೆ ಇಲ್ಲಿ ಕೆಲಸವೇ ಇಲ್ಲ. ಅಕ್ಕ, ಕಾಕಾ: ನಾಲಿಗೆಯ ಹಿಂಭಾಗ ಸಾಕು. ತಾತ, ಅತ್ತೆ: ತುದಿ ಹಲ್ಲಿಗೆ ತಾಗಿದರೆ ಆಯಿತು. ತುದಿಯನ್ನು ಮೇಲೆ ಮಡಿಸಬೇಕಾದದ್ದು ಟ, ಡ, ಣ, ಳ ಬಂದಾಗ. ನಿಜವಾಗಿಯೂ ಬಿಗಿದ ನಾಲಿಗೆ ಕೆಲವು ಮಕ್ಕಳಿಗೆ ಅಲ್ಲಿ ಅಡ್ಡಿಯಾಗಬಹುದು. ಅದನ್ನು ನಾಲ್ಕೈದನೆಯ ವಯಸ್ಸಿನಲ್ಲಿ ವಾಕ್ ತಜ್ಞರು ಮಗುವಿನ ಮಾತು ಕೇಳಿ ಹೇಳಬೇಕು. ಮೂರು ವರ್ಷದ ಮಗು ರಾಮನನ್ನು ಲಾಮ ಎಂದರೆ ಅದು ವಯಸ್ಸಿನ ಗುಣ. ಆದರೆ ಎರಡು ವರ್ಷವಾದರೂ ‘ಅಮ್ಮ’ ಎನ್ನದ ಮಗುವಿನ ತೊಂದರೆ ನಾಲಿಗೆಯ ಎಳೆಯಲ್ಲಿಲ್ಲ.

ಎರಡೂವರೆ ವರ್ಷದ ಹುಡುಗನೊಬ್ಬನಿಗೆ ಮಾತು ಬರಲಿಲ್ಲವೆಂದು ಬೇರೆಲ್ಲೋ ಅರಿವಳಿಕೆ ಕೊಟ್ಟು ನಾಲಿಗೆ ಬಿಡಿಸಿದ್ದರು. ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಮನೆಯವರು ಎಂಟು ತಿಂಗಳು ಕಾದರು. ನನ್ನ ಬಳಿಗೆ ಬಂದಾಗ, ಕುಕ್ಕರ್ ಸೀಟಿ ಹೊಡೆದರೆ ತಿರುಗಿ ನೋಡುತ್ತಾನೆಯೇ ಎಂದು ಕೇಳಿದೆ. “ಅವನು ಬಹಳ ಸಾಧು, ಯಾವುದಕ್ಕೂ ಬೆಚ್ಚುವುದಿಲ್ಲ” ಎಂದಳು ತಾಯಿ, ಮೆಚ್ಚುಗೆಯಿಂದ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇದಕ್ಕೆಂದೇ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕಳಿಸಿದೆ. ಹುಡುಗನಿಗೆ ಎರಡೂ ಕಿವಿ ಕೇಳಿಸುತ್ತಿರಲಿಲ್ಲ. ತಿಂಗಳೊಳಗೆ ಶ್ರವಣ ತಪಾಸಣೆ, ಮೂರು ತಿಂಗಳೊಳಗೆ ಖಚಿತಪಡಿಸುವ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆ ಆಗಬೇಕಾಗಿದ್ದ ಮಗು ಅದು. ಆ ಎಂಟು ತಿಂಗಳನ್ನು ಯಾರೂ ಅವನಿಗೆ ಮರಳಿ ಕೊಡಲಾರರು. ಮಾತಿನ ಚಿಂತೆಯಿದ್ದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ.

ನನ್ನ ಬಳಿಗೇ ಬನ್ನಿ, ನಿಮ್ಮ ಊರಿನ ಮಕ್ಕಳ ವೈದ್ಯರ ಬಳಿಗೇ ಹೋಗಿ, ತಾಯಿ ಕಾರ್ಡ್ ಮತ್ತು ಮಗುವಿನ ತೂಕ ಬರೆದಿಟ್ಟ ಚೀಟಿ ಜೊತೆಯಲ್ಲಿರಲಿ. ಬಾಣಂತಿಗೆ ಕಿವಿಗೆ ಸ್ಕಾರ್ಫ್ ಕಟ್ಟಿ ಕರೆತನ್ನಿ, ಗಾಳಿಯಿಂದ ಏನೂ ಆಗುವುದಿಲ್ಲ. ಹೊರಡುವ ಮುಂಚೆ ಮಗುವಿಗೆ ಕುಡಿಸಬೇಡಿ. ಅತ್ತರೆ ಅಳಲಿ, ನಾಲಿಗೆ ಹೇಗೆ ಏಳುತ್ತದೆ ಎಂದು ನೋಡಲು ಆ ಅಳುವೂ ಬೇಕು. ಅಜ್ಜಿಯನ್ನು ಕಾರಿನಲ್ಲಿ ಕೂರಿಸದೆ ಒಳಗೆ ಕರೆತನ್ನಿ. ತಾಯಿಯ ತವರಿನಲ್ಲಿ ಯಾರಿಗೆ ಎಷ್ಟು ದಿನ ರಕ್ತ ನಿಂತಿರಲಿಲ್ಲ ಎಂಬುದು ಅವರಿಗೇ ಗೊತ್ತಿರುತ್ತದೆ.