ಬಾಯ್’ಸ್ ಸರಿಯೋ, ಬಾಯ್ಸ್’ ಸರಿಯೋ?

ಓದುಗರ ಪ್ರಶ್ನೆ: ಇಂಗ್ಲಿಷಿನಲ್ಲಿ “ಹುಡುಗನ ಪುಸ್ತಕ”, “ಹುಡುಗರ ಹಾಸ್ಟೆಲ್” ಅಂತ ಬರೆಯುವಾಗ ಅಪಾಸ್ಟ್ರಫಿ (’ ಚಿಹ್ನೆ) ಎಸ್‌ಗಿಂತ ಮುಂಚೆ ಬರಬೇಕಾ, ಆಮೇಲೆ ಬರಬೇಕಾ? ಹೆಸರೇ ಎಸ್ ಅಕ್ಷರದಲ್ಲಿ ಮುಗಿದರೆ ಏನು ಮಾಡಬೇಕು?

ಉತ್ತರ: ಯಾರದು ಅನ್ನುವ ಪದವನ್ನು ಮೊದಲು ಪೂರ್ತಿ ಬರೆದು ಮುಗಿಸಿ. ಒಬ್ಬರೋ ಹಲವರೋ ಅನ್ನುವುದು ಅಲ್ಲೇ ತೀರ್ಮಾನವಾಗಲಿ. ಆ ಪದ ಮುಗಿದ ಕೂಡಲೇ ಅಪಾಸ್ಟ್ರಫಿ ಹಾಕಿ. ಅದಾದ ಮೇಲೆ ಇನ್ನೊಂದು ಎಸ್ ಬೇಕೋ ಬೇಡವೋ ನೋಡಿ. ಕೆಲಸ ಈ ಕ್ರಮದಲ್ಲಿ ನಡೆದರೆ ತಪ್ಪಾಗುವುದು ಬಹಳ ಕಡಿಮೆ.

ಹುಡುಗ ಒಬ್ಬನೇ ಇದ್ದರೆ ಪದ “ಬಾಯ್”. ಅದಕ್ಕೆ ಅಪಾಸ್ಟ್ರಫಿ, ಆಮೇಲೆ ಎಸ್. “ಬಾಯ್’ಸ್” ಆಯಿತು. ಹಲವರಿದ್ದರೆ ಪದ “ಬಾಯ್ಸ್”. ಬಹುವಚನದ ಎಸ್ ಆಗಲೇ ಕೂತಿದೆ, ಇನ್ನೊಂದು ಬೇಡ. ಬರೀ ಅಪಾಸ್ಟ್ರಫಿ ಸಾಕು: “ಬಾಯ್ಸ್’”. ಬೆಂಗಳೂರಿನ ಬಿಷಪ್ ಕಾಟನ್ ಬಾಯ್ಸ್’ ಸ್ಕೂಲ್ ಹೆಸರಿನಲ್ಲಿ ಅಪಾಸ್ಟ್ರಫಿ ಎಸ್ ಆದ ಮೇಲೆ ಇದೆ, ಯಾಕೆಂದರೆ ಅದು ಹುಡುಗರ ಶಾಲೆ. ಮೈಸೂರಿನ ಮಹಾರಾಜ’ಸ್ ಕಾಲೇಜಿನ ಹೆಸರಿನಲ್ಲಿ ಎಸ್‌ಗೆ ಮುಂಚೆ ಇದೆ. ಅಲ್ಲಿ ಹೇಳುತ್ತಿರುವುದು ಒಬ್ಬ ಮಹಾರಾಜರ ವಿಷಯ.

ಈ ಕ್ರಮ ಕನ್ನಡದವರಿಗೆ ಹೊಸದೇನಲ್ಲ. “ಹುಡುಗರ” ಅನ್ನುವಾಗ ನಾವು ಮಾಡುವುದೂ ಇದನ್ನೇ. ಮೊದಲು “ಹುಡುಗರು” ಅಂತ ಬಹುವಚನ, ಆಮೇಲೆ ಷಷ್ಠಿ ವಿಭಕ್ತಿಯ “ಅ”. “ಮನೆಗಳ” ಅನ್ನುವುದರಲ್ಲೂ “ಗಳು” ಮೊದಲು, “ಅ” ಆಮೇಲೆ. ವಚನ ಆದ ಮೇಲೆಯೇ ವಿಭಕ್ತಿ. ಶಾಲೆಗೆ ಹೋಗದ ಮಗು ಕೂಡ ಇದನ್ನು ಹಿಂದುಮುಂದು ಮಾಡುವುದಿಲ್ಲ. ಹಾಗಾಗಿ ಅನುಮಾನ ಬಂದಾಗ ಆ ಮಾತನ್ನು ಕನ್ನಡದಲ್ಲಿ ಹೇಳಿ ನೋಡಿ. ಬಾಯಿಗೆ “ಹುಡುಗನ” ಬಂತೋ “ಹುಡುಗರ” ಬಂತೋ ಅನ್ನುವುದರಲ್ಲೇ ಉತ್ತರ ಇದೆ.

ಹಾಗಿದ್ದರೆ ಇಷ್ಟೊಂದು ಗೊಂದಲ ಯಾಕೆ? ಕಿವಿಯಿಂದ ಸಹಾಯ ಸಿಗುವುದಿಲ್ಲ, ಅದಕ್ಕೆ. ಹುಡುಗನ, ಹುಡುಗರು, ಹುಡುಗರ: ಈ ಮೂರಕ್ಕೂ ಇಂಗ್ಲಿಷಿನಲ್ಲಿ ಒಂದೇ ಉಚ್ಚಾರಣೆ. ವ್ಯತ್ಯಾಸ ಕಾಣುವುದು ಕಾಗದದ ಮೇಲೆ ಮಾತ್ರ. ಇಂಗ್ಲಿಷ್ ಮಾತೃಭಾಷೆಯವರೂ ಇಲ್ಲಿ ಎಡವುತ್ತಾರೆ. ಆದ್ದರಿಂದ ಇದು ನಿಮ್ಮ ಇಂಗ್ಲಿಷ್ ಕಲಿಕೆಯ ಕೊರತೆ ಅಂತ ಖಂಡಿತ ಅಂದುಕೊಳ್ಳಬೇಡಿ.

ಕೆಲವು ಪದಗಳ ಬಹುವಚನ ಎಸ್‌ನಲ್ಲಿ ಮುಗಿಯುವುದಿಲ್ಲ. ಚಿಲ್ಡ್ರನ್, ಮೆನ್, ವಿಮೆನ್, ಪೀಪಲ್ ಇಂಥವು. ಪದ ಮುಗಿಸಿ, ಅಪಾಸ್ಟ್ರಫಿ ಹಾಕಿ, ಎಸ್ ಸೇರಿಸಿ: “ಚಿಲ್ಡ್ರನ್’ಸ್”, “ವಿಮೆನ್’ಸ್”. ಇಲ್ಲಿ ಎಸ್ ಆದ ಮೇಲೆ ಅಪಾಸ್ಟ್ರಫಿ ಬರಲು ಸಾಧ್ಯವೇ ಇಲ್ಲ, ಏಕೆಂದರೆ “ಚಿಲ್ಡ್ರನ್ಸ್” ಅನ್ನುವ ಬಹುವಚನವೇ ಇಂಗ್ಲಿಷಿನಲ್ಲಿ ಇಲ್ಲ. ಸೆಪ್ಟೆಂಬರ್ 5ರ ಟೀಚರ್ಸ್’ ಡೇ, ನವೆಂಬರ್ 14ರ ಚಿಲ್ಡ್ರನ್’ಸ್ ಡೇ ಎರಡೂ ಹಲವರ ದಿನಗಳೇ. ಆದರೂ ಚಿಹ್ನೆಯ ಜಾಗ ಬೇರೆ ಬೇರೆ. ಇನ್ನು ಮದರ್’ಸ್ ಡೇ ಏಕವಚನದಲ್ಲಿದೆ. ಅಮೆರಿಕದಲ್ಲಿ ಆ ದಿನಕ್ಕಾಗಿ ಹೋರಾಡಿದ ಅನ್ನಾ ಜಾರ್ವಿಸ್ ಅದು ಏಕವಚನದಲ್ಲೇ ಇರಬೇಕು ಅಂತ ಹಟ ಹಿಡಿದಿದ್ದರು. ಪ್ರತಿಯೊಬ್ಬರೂ ತಮ್ಮ ತಮ್ಮ ತಾಯಿಯನ್ನು ನೆನೆಯಬೇಕು, ಪ್ರಪಂಚದ ತಾಯಂದಿರನ್ನೆಲ್ಲ ಒಟ್ಟಿಗೆ ಅಲ್ಲ ಅನ್ನುವುದು ಅವರ ಆಸೆ. 1914ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಅದನ್ನು ಅಧಿಕೃತವಾಗಿ ಘೋಷಿಸಿದಾಗಲೂ ಏಕವಚನವೇ ಉಳಿಯಿತು. ಒಂದು ಸಣ್ಣ ಗುರುತು ಎಷ್ಟೆಲ್ಲ ಹೇಳಬಲ್ಲದು ನೋಡಿ.

ಈಗ ಪ್ರಶ್ನೆಯ ಎರಡನೇ ಭಾಗ. ಶ್ರೀನಿವಾಸ್, ದಾಸ್, ಥಾಮಸ್, ಜೇಮ್ಸ್ ಇಂಥ ಹೆಸರುಗಳು ಬಂದಾಗ ಏನು ಮಾಡಬೇಕು? ಇಲ್ಲಿ ಎರಡು ಪದ್ಧತಿಗಳಿವೆ, ಎರಡಕ್ಕೂ ದೊಡ್ಡವರ ಬೆಂಬಲ ಇದೆ. ಪುಸ್ತಕ ಪ್ರಕಾಶಕರು ಜಾಸ್ತಿ ಅನುಸರಿಸುವ ಶಿಕಾಗೋ ಮ್ಯಾನುಯಲ್ ಅನ್ನುವ ನಿಯಮಪುಸ್ತಕ ಅಪಾಸ್ಟ್ರಫಿ ಮತ್ತು ಎಸ್ ಎರಡನ್ನೂ ಹಾಕಿ ಅನ್ನುತ್ತದೆ. ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ಬರೀ ಅಪಾಸ್ಟ್ರಫಿ ಸಾಕು ಅನ್ನುತ್ತದೆ. 2024ರಲ್ಲಿ ಕಮಲಾ ಹ್ಯಾರಿಸ್ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಇದು ಪತ್ರಿಕೆಗಳಲ್ಲಿ ಚರ್ಚೆಯೇ ಆಯಿತು. ಅಸೋಸಿಯೇಟೆಡ್ ಪ್ರೆಸ್ “ಹ್ಯಾರಿಸ್’” ಅಂತ ಬರೆದರೆ ನ್ಯೂಯಾರ್ಕ್ ಟೈಮ್ಸ್ ಇನ್ನೊಂದು ಎಸ್ ಸೇರಿಸಿ ಬರೆಯಿತು. ಅದಕ್ಕೂ ಮುಂಚೆ, 2006ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಕ್ಯಾನ್ಸಸ್ ರಾಜ್ಯದ ಮರಣದಂಡನೆ ಕಾನೂನಿನ ಮೊಕದ್ದಮೆ ನಡೆದಿತ್ತು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ “ಕ್ಯಾನ್ಸಸ್” ಪದಕ್ಕೆ ಬರೀ ಅಪಾಸ್ಟ್ರಫಿ ಹಾಕಿದರು. ಭಿನ್ನ ಅಭಿಪ್ರಾಯ ಬರೆದ ಡೇವಿಡ್ ಸೌಟರ್ ಎಸ್ ಕೂಡ ಸೇರಿಸಿದರು. ಒಂದೇ ಕೋರ್ಟು, ಒಂದೇ ಮೊಕದ್ದಮೆ, ಎರಡು ಬಗೆಯ ಬರಹ. ಲಂಡನ್ನಿನ ಸೇಂಟ್ ಜೇಮ್ಸ್ ಪಾರ್ಕಿನ ಹೆಸರಿನಲ್ಲಿ ಅಪಾಸ್ಟ್ರಫಿಯ ನಂತರ ಎಸ್ ಇದೆ. ನ್ಯೂಕ್ಯಾಸಲ್‌ನ ಅದೇ ಹೆಸರಿನ ಫುಟ್‌ಬಾಲ್ ಮೈದಾನಕ್ಕೆ ಆ ಎಸ್ ಇಲ್ಲ.

ನನ್ನನ್ನು ಕೇಳಿದರೆ ಎಸ್ ಸೇರಿಸುವುದೇ ಒಳ್ಳೆಯದು. ಮಾತಾಡುವಾಗ ಬಹುತೇಕರು “ಶ್ರೀನಿವಾಸಿಸ್ ಕಾರ್” ಅಂತ ಆ ಕೊನೆಯ ಎಸ್ ಉಚ್ಚರಿಸುತ್ತಾರೆ. ಬಾಯಲ್ಲಿ ಇರುವುದನ್ನು ಬರಹದಲ್ಲಿ ಬಿಡುವುದು ಯಾಕೆ? ನಿಮ್ಮ ಆಫೀಸಿನಲ್ಲೋ ಪಠ್ಯಪುಸ್ತಕದಲ್ಲೋ ಇನ್ನೊಂದು ಪದ್ಧತಿ ಇದ್ದರೆ ಅದನ್ನೇ ಪಾಲಿಸಿ, ಆದರೆ ಒಂದೇ ಕಾಗದದಲ್ಲಿ ಎರಡನ್ನೂ ಬೆರೆಸಬೇಡಿ. ಹೆಸರಿನೊಳಗಿನ ಎಸ್‌ಗೇ ಮುಂಚೆ ಅಪಾಸ್ಟ್ರಫಿ ಹಾಕಿ “ಶ್ರೀನಿವಾ’ಸ್” ಮಾಡುವುದು ಮಾತ್ರ ಎರಡೂ ಪದ್ಧತಿಯಲ್ಲಿ ತಪ್ಪು. ಹೆಸರು ಮುಗಿಯುವ ಮೊದಲೇ ಅದನ್ನು ಮುರಿದಂತೆ ಆಗುತ್ತದೆ. ರಮೇಶ್, ಗಣೇಶ್ ಥರದ ಹೆಸರುಗಳು ಎಚ್ ಅಕ್ಷರದಲ್ಲಿ ಮುಗಿಯುತ್ತವೆ, ಅಲ್ಲಿ ಈ ಚರ್ಚೆಯೇ ಇಲ್ಲ. “ರಮೇಶ್’ಸ್” ಅಂತ ಬರೆದರಾಯಿತು.

ಇಷ್ಟು ಭಿನ್ನಾಭಿಪ್ರಾಯಕ್ಕೆ ಒಂದು ಕಾರಣ ಈ ಚಿಹ್ನೆಯ ಇತಿಹಾಸ. ಹಳೆಯ ಇಂಗ್ಲಿಷಿನಲ್ಲಿ ನಮ್ಮ ಹಾಗೇ ವಿಭಕ್ತಿ ಪ್ರತ್ಯಯಗಳಿದ್ದವು. ಬಹಳಷ್ಟು ನಾಮಪದಗಳಿಗೆ “ಎಸ್” ಅಂತ, ಅಂದರೆ ಇ ಮತ್ತು ಎಸ್ ಎರಡೂ ಅಕ್ಷರ ಸೇರಿಸಿ, “ರಾಜನ”, “ದಿನದ” ಅನ್ನುವ ರೂಪ ಮಾಡುತ್ತಿದ್ದರು. ಕಾಲ ಕಳೆದಂತೆ ಆ ಇ ಬಾಯಿಂದ ಬಿದ್ದುಹೋಯಿತು. 16ನೇ ಶತಮಾನದಲ್ಲಿ ಅಕ್ಷರ ಬಿಟ್ಟುಹೋದ ಜಾಗ ತೋರಿಸಲು ಅಪಾಸ್ಟ್ರಫಿ ಫ್ರೆಂಚಿನಿಂದ ಇಂಗ್ಲಿಷಿಗೆ ಬಂತು. ಏಕವಚನದಲ್ಲಿ ಅದು ನೆಲೆಯಾದದ್ದು ಆಮೇಲೆ. “ಬಾಯ್ಸ್’” ಥರದ ಬಹುವಚನ ರೂಪ ಗಟ್ಟಿಯಾಗಲು 18ನೇ ಶತಮಾನವೇ ಬೇಕಾಯಿತು. ಮೂಲ ಪ್ರತ್ಯಯ ಹಳೆಯದು, ಚಿಹ್ನೆ ಮಾತ್ರ ಈಚಿನದು.

ಕನ್ನಡದ ಅಭ್ಯಾಸ ದಾರಿ ತಪ್ಪಿಸುವ ಜಾಗವೂ ಒಂದಿದೆ. ನಾವು “ಅಪ್ಪನ ಕೈ”, “ಮನೆಯ ಬಾಗಿಲು” ಎರಡಕ್ಕೂ ಒಂದೇ ವಿಭಕ್ತಿ ಬಳಸುತ್ತೇವೆ. ಇಂಗ್ಲಿಷ್ ಜನರಿಗೆ, ಪ್ರಾಣಿಗಳಿಗೆ ಅಪಾಸ್ಟ್ರಫಿ ಎಸ್ ಇಷ್ಟಪಡುತ್ತದೆ. ಜೀವವಿಲ್ಲದ ವಸ್ತುವಿಗೆ “ಆಫ್” ಜಾಸ್ತಿ, ಇಲ್ಲವೇ “ಟೇಬಲ್ ಲೆಗ್” ಥರ ಎರಡು ಪದಗಳನ್ನು ಸುಮ್ನೆ ಪಕ್ಕದಲ್ಲಿಡುತ್ತಾರೆ. ಆದರೆ ಕಾಲಕ್ಕೆ ಅಪಾಸ್ಟ್ರಫಿ ಬೇಕೇ ಬೇಕು. ರಜೆ ಚೀಟಿ ಬರೆಯುವಾಗ ನೆನಪಿಡಿ: ಒಂದು ದಿನದ ರಜೆ “ಒನ್ ಡೇ’ಸ್ ಲೀವ್”, ಹತ್ತು ದಿನದ್ದು “ಟೆನ್ ಡೇಸ್’ ಲೀವ್”. “ಲೀವ್ ಫಾರ್ ಟೆನ್ ಡೇಸ್” ಅಂತ ಬರೆದರೆ ಚಿಹ್ನೆ ಬೇಡ, ಅಲ್ಲಿ ಡೇಸ್ ಬರೀ ಬಹುವಚನ.

ಇಬ್ಬರು ಸೇರಿ ಒಂದೇ ಅಂಗಡಿ ಇಟ್ಟಿದ್ದರೆ ಕೊನೆಯ ಹೆಸರಿಗೆ ಮಾತ್ರ ಹಾಕಿ: “ರವಿ ಅಂಡ್ ಕಿರಣ್’ಸ್ ಶಾಪ್”. ಇಬ್ಬರದೂ ಬೇರೆ ಬೇರೆ ಅಂಗಡಿಯಾದರೆ ಇಬ್ಬರ ಹೆಸರಿಗೂ ಹಾಕಬೇಕು. “ಮದರ್-ಇನ್-ಲಾ” ಥರದ ಜೋಡಿ ಪದಕ್ಕೆ ಕೊನೆಯಲ್ಲಿ: “ಮದರ್-ಇನ್-ಲಾ’ಸ್ ಹೌಸ್”.

ಬರೀ ಬಹುವಚನಕ್ಕೆ ಅಪಾಸ್ಟ್ರಫಿ ಹಾಕುವುದು ನಮ್ಮ ಬೋರ್ಡುಗಳಲ್ಲಿ ಬಹಳ ಕಾಣುವ ತಪ್ಪು. “ಫೋಟೋ’ಸ್”, “ಜ್ಯೂಸ್’ಸ್” ಬೇಡ. ಅಲ್ಲಿ ಯಾರದೂ ಏನೂ ಇಲ್ಲ. ಮದುವೆ ಕಾರ್ಡಿನಲ್ಲಿ ಪಾಟೀಲ್ ಕುಟುಂಬದವರು ಅಂತ ಹೇಳಬೇಕಾದರೆ “ದಿ ಪಾಟೀಲ್ಸ್”, ಚಿಹ್ನೆ ಇಲ್ಲದೆ. ಅವರೆಲ್ಲರ ಮನೆ ಅಂತ ಗೇಟಿನ ಮೇಲೆ ಬರೆಸುವುದಾದರೆ “ದಿ ಪಾಟೀಲ್ಸ್’ ಹೌಸ್”. ಕಂಪನಿಗಳ ಹೆಸರಿಗೆ ಮಾತ್ರ ಈ ನಿಯಮ ಹಚ್ಚಬೇಡಿ. ಮೆಕ್‌ಡೊನಾಲ್ಡ್’ಸ್‌ಗೆ ಅಪಾಸ್ಟ್ರಫಿ ಇದೆ, ಲಂಡನ್ನಿನ ದೊಡ್ಡ ಅಂಗಡಿ ಹ್ಯಾರಡ್ಸ್‌ಗೆ ಇಲ್ಲ. ಬ್ರಿಟನ್ನಿನ ಪುಸ್ತಕದ ಅಂಗಡಿ ವಾಟರ್‌ಸ್ಟೋನ್ಸ್ 2012ರಲ್ಲಿ ತನ್ನ ಹೆಸರಿನಿಂದ ಅದನ್ನು ತೆಗೆದುಹಾಕಿತು. ಅವರು ಹೇಗೆ ಬರೆದುಕೊಂಡಿದ್ದಾರೋ ಹಾಗೇ ಬರೆಯಿರಿ.