ತಿಜೋರಿಯಿಂದ ಮುಖವಾಡದ ಕಡೆಗೆ: ಬ್ಯಾಟ್‌ಮನ್ ವಿರುದ್ಧದ ಸಂಚುಗಳು ಬದಲಾದ ಬಗೆ

ಬಾವಲಿಯ ವೇಷ ತೊಟ್ಟು ಪಾತಕಿಗಳ ವಿರುದ್ಧ ಹೋರಾಡುವ ಬ್ಯಾಟ್‌ಮನ್‌ನ ಕಾಮಿಕ್ಸ್ ಓದುವವರ ನಡುವೆ ಒಂದು ವಾದ ಹಲವು ದಶಕಗಳಿಂದ ತಣ್ಣಗಾಗದೆ ಉಳಿದಿದೆ. ಅವನ ಕಡುವೈರಿ ಜೋಕರ್ ಮತ್ತೆ ಮತ್ತೆ ಸೆರೆಸಿಕ್ಕು, ಮತ್ತೆ ಮತ್ತೆ ತಪ್ಪಿಸಿಕೊಂಡು, ಪ್ರತಿಸಲವೂ ಇನ್ನಷ್ಟು ಜನರನ್ನು ಕೊಲ್ಲುತ್ತಿರುವಾಗ ಬ್ಯಾಟ್‌ಮನ್ ಅವನನ್ನು ಏಕೆ ಮುಗಿಸಿಬಿಡುವುದಿಲ್ಲ ಎಂದು ಒಂದು ಗುಂಪು ಕೇಳುತ್ತದೆ. ಕೊಲ್ಲದಿರುವುದೇ ಅವನ ಸ್ವಭಾವ, ಅದನ್ನು ಬಿಟ್ಟರೆ ಅವನೂ ಗಾಥಮ್ ನಗರದ ಇನ್ನೊಬ್ಬ ಪಾತಕಿಯಾಗುತ್ತಾನೆ ಎಂದು ಇನ್ನೊಂದು ಗುಂಪು ಉತ್ತರಿಸುತ್ತದೆ. ಮುಸುಕುಧಾರಿಯೊಬ್ಬ ಇರುವುದರಿಂದಲೇ ಇಂಥ ಖಳರು ಹುಟ್ಟಿಕೊಳ್ಳುತ್ತಾರೆ ಎಂಬ ಮೂರನೆಯ ವಾದವೂ ಸೇರಿಕೊಂಡು ವಿಷಯ ಮತ್ತಷ್ಟು ಸಿಕ್ಕಾಗಿದೆ. ಮೂರೂ ಕಡೆಯವರ ಬಳಿ ತಮ್ಮ ವಾದಕ್ಕೆ ಒದಗುವ ಕಥೆಗಳಿವೆ. ಆದರೆ ಆ ಕಥೆಗಳು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಒತ್ತಡಗಳ ನಡುವೆ ಬರೆಯಲ್ಪಟ್ಟವು. ಖಳರು ಯಾರ ಮೇಲೆ, ಯಾವುದಕ್ಕಾಗಿ ಸಂಚು ಹೂಡುತ್ತಿದ್ದರು ಎಂಬುದು ಹಂತಹಂತವಾಗಿ ಬದಲಾದ ಬಗೆಯನ್ನು ಬಿಟ್ಟು ಈ ಜಗಳವನ್ನು ಅರ್ಥಮಾಡಿಕೊಳ್ಳುವುದು ಕಷ್ಟ.

1939ರ ಮೇ ತಿಂಗಳ ‘ಡಿಟೆಕ್ಟಿವ್ ಕಾಮಿಕ್ಸ್’ 27ನೇ ಸಂಚಿಕೆಯಲ್ಲಿ ಬ್ಯಾಟ್‌ಮನ್ ಮೊದಲ ಬಾರಿ ಕಾಣಿಸಿಕೊಂಡ. ಚಿತ್ರ ಬಾಬ್ ಕೇನ್ ಅವರದು, ಕಥೆ ಬಿಲ್ ಫಿಂಗರ್ ಅವರದು. ಆ ಕಥೆಯ ಪಾತಕಿ ರಾಸಾಯನಿಕ ಕಂಪನಿಯೊಂದರ ಪಾಲುದಾರ. ಇಡೀ ಕಂಪನಿ ತನ್ನದಾಗಬೇಕೆಂಬ ದುರಾಸೆಯಿಂದ ಉಳಿದ ಪಾಲುದಾರರನ್ನು ಒಬ್ಬೊಬ್ಬರನ್ನಾಗಿ ಕೊಲ್ಲಿಸುತ್ತಾನೆ. ಬ್ಯಾಟ್‌ಮನ್ ಎಂಬವನೊಬ್ಬ ಇದ್ದಾನೆಂಬುದೇ ಅವನ ಲೆಕ್ಕಾಚಾರದಲ್ಲಿಲ್ಲ. ಕೊನೆಗೆ ಬ್ಯಾಟ್‌ಮನ್‌ನ ಹೊಡೆತಕ್ಕೆ ಅವನು ಆಮ್ಲದ ತೊಟ್ಟಿಗೆ ಬೀಳುತ್ತಾನೆ, ಬ್ಯಾಟ್‌ಮನ್‌ಗೆ ಅದರ ಬಗ್ಗೆ ಕಿಂಚಿತ್ತೂ ಪಶ್ಚಾತ್ತಾಪವಿಲ್ಲ. ಕೊಲ್ಲದಿರುವುದು ಬ್ಯಾಟ್‌ಮನ್‌ನ ಹುಟ್ಟುಗುಣ ಎನ್ನುವವರು ಈ ಪುಟವನ್ನೊಮ್ಮೆ ನೋಡಬೇಕು.

ಎಲ್ಲವನ್ನೂ ಬದಲಿಸಿದ್ದು 1940ರ ವಸಂತದಲ್ಲಿ ಹೊರಬಂದ, ಬ್ಯಾಟ್‌ಮನ್ ಹೆಸರಿನದೇ ಪತ್ರಿಕೆಯ ಮೊದಲ ಸಂಚಿಕೆ. ಜೋಕರ್ ಕಾಣಿಸಿಕೊಂಡದ್ದು ಅದರಲ್ಲಿಯೇ. ಹೆನ್ರಿ ಕ್ಲಾರಿಜ್ ಎಂಬ ಶ್ರೀಮಂತನನ್ನು ಇಂದು ಮಧ್ಯರಾತ್ರಿ ಸರಿಯಾಗಿ ಕೊಂದು ಅವನ ವಜ್ರವನ್ನು ಕದಿಯುತ್ತೇನೆ ಎಂದು ರೇಡಿಯೊದಲ್ಲಿ ಒಂದು ಧ್ವನಿ ಸಾರುತ್ತದೆ. ಪೊಲೀಸರು ಅವನ ಸುತ್ತ ಕಾವಲು ನಿಲ್ಲುತ್ತಾರೆ. ಗಡಿಯಾರ ಹನ್ನೆರಡು ಬಾರಿಸುತ್ತಿದ್ದಂತೆ, ಯಾರೂ ಹತ್ತಿರ ಸುಳಿಯದಿದ್ದರೂ ಕ್ಲಾರಿಜ್ ಕುಸಿದುಬೀಳುತ್ತಾನೆ, ಮುಖದಲ್ಲಿ ವಿಕಾರವಾದ ನಗು ಮೂಡುತ್ತದೆ. ಹಿಂದಿನ ರಾತ್ರಿಯೇ, ಅವನು ನಿದ್ರೆಯಲ್ಲಿದ್ದಾಗ, 24 ಗಂಟೆಗಳ ನಂತರ ಏರುವ ವಿಷವನ್ನು ಜೋಕರ್ ಅವನ ಮೈಗೆ ಚುಚ್ಚಿರುತ್ತಾನೆ. ನಿಜವಾದ ವಜ್ರವೂ ಆಗಲೇ ಹೋಗಿರುತ್ತದೆ. ಇಲ್ಲಿ ಕ್ರೌರ್ಯಕ್ಕೆ ಕೊರತೆಯಿಲ್ಲ, ಪ್ರದರ್ಶನದ ಹುಚ್ಚೂ ಇದೆ. ಆದರೂ ಜೋಕರ್‌ಗೆ ವಜ್ರ ಬೇಕು ಎಂಬುದನ್ನು ಮರೆಯಬಾರದು. ಈ ಕಥೆ ಇಂದಿಗೂ ಬಿಗಿಯಾಗಿ ಓದಿಸಿಕೊಳ್ಳುವುದಕ್ಕೆ ಆ ಬೇಡಿಕೆಯ ಸ್ಪಷ್ಟತೆಯೇ ದೊಡ್ಡ ಕಾರಣ.

ಅದೇ ಸಂಚಿಕೆಯ ಇನ್ನೊಂದು ಕಥೆಯಲ್ಲಿ ಜೋಕರ್ ತನ್ನದೇ ಚೂರಿಗೆ ಬಲಿಯಾಗಬೇಕಿತ್ತು. ಇಷ್ಟು ಒಳ್ಳೆಯ ಖಳನನ್ನು ಒಂದೇ ಸಂಚಿಕೆಗೆ ಕಳೆದುಕೊಳ್ಳುವುದು ಬೇಡವೆಂದು ಸಂಪಾದಕ ವಿಟ್ನಿ ಎಲ್ಸ್‌ವರ್ತ್ ಅವರಿಗೆ ಅನ್ನಿಸಿತು. ಅವನಿನ್ನೂ ಬದುಕಿದ್ದಾನೆಂದು ತಿಳಿಸುವ ಒಂದು ಚೌಕವನ್ನು ಕೊನೆಯಲ್ಲಿ ಸೇರಿಸಲಾಯಿತು. ಇದೇ ಸಂಚಿಕೆಯ ಹ್ಯೂಗೊ ಸ್ಟ್ರೇಂಜ್ ಎಂಬ ಖಳನ ಕಥೆಯಲ್ಲಿ ಬ್ಯಾಟ್‌ಮನ್ ವಿಮಾನದಿಂದ ಮಷಿನ್‌ಗನ್ ಹಾರಿಸಿ ಜನರನ್ನು ಕೊಂದಿದ್ದ. ಇನ್ನು ಮುಂದೆ ಅವನ ಕೈಗೆ ಬಂದೂಕು ಕೊಡಬಾರದು, ಅವನು ಯಾರನ್ನೂ ಕೊಲ್ಲಬಾರದು ಎಂದು ಎಲ್ಸ್‌ವರ್ತ್ ಕಥೆಗಾರರಿಗೆ ತಾಕೀತು ಮಾಡಿದರು. ಖಳ ಸಾಯಬಾರದು, ನಾಯಕ ಕೊಲ್ಲಬಾರದು: ಮುಂದಿನ ಎಲ್ಲ ಗೋಜಲಿಗೆ ಬೇಕಾದ ಎರಡೂ ನಿರ್ಧಾರಗಳು ಹೀಗೆ ಒಂದೇ ಪುಸ್ತಕದ ಸುತ್ತ ಆದವು. ಎರಡಕ್ಕೂ ಆ ಹೊತ್ತಿನಲ್ಲಿ ಒಳ್ಳೆಯ ಕಾರಣಗಳಿದ್ದವು. ಮಕ್ಕಳು ಕೊಳ್ಳುವ ಪತ್ರಿಕೆಯ ನಾಯಕ ಕೊಲೆಗಡುಕನಾಗಬಾರದೆಂಬ ಕಾಳಜಿ ಒಂದೆಡೆ, ಜನ ಮೆಚ್ಚುವ ಪಾತ್ರವನ್ನು ಉಳಿಸಿಕೊಳ್ಳುವ ವ್ಯಾವಹಾರಿಕ ಜಾಣ್ಮೆ ಇನ್ನೊಂದೆಡೆ. ಈ ಎರಡೂ ಒಟ್ಟಿಗೆ ಎಂಬತ್ತು ವರ್ಷ ನಡೆದರೆ ಏನಾಗಬಹುದೆಂದು ಆಗ ಯಾರೂ ಯೋಚಿಸಬೇಕಾಗಿರಲಿಲ್ಲ.

ಮುಂದಿನ ಹತ್ತು ವರ್ಷಗಳಲ್ಲಿ ಪೆಂಗ್ವಿನ್ (1941), ಟೂ-ಫೇಸ್ (1942), ರಿಡ್ಲರ್ (1948) ಒಬ್ಬರ ಹಿಂದೊಬ್ಬರು ಬಂದರು. ಇವರ ಗುರಿಯೂ ಹೆಚ್ಚಾಗಿ ತಿಜೋರಿಯೇ ಆಗಿತ್ತು. ಆದರೆ ಮತ್ತೆ ಮತ್ತೆ ಬರುವ ಖಳನಿಗೆ ಮತ್ತೆ ಮತ್ತೆ ಹೊಸ ಉಪಾಯ ಬೇಕಾಗುತ್ತದೆ. 1942ರ ಒಂದು ಕಥೆಯಲ್ಲಿ ಜೋಕರ್ ತಾನಾಗಿ ಶರಣಾಗಿ, ತಪ್ಪೊಪ್ಪಿಕೊಂಡು, ವಿದ್ಯುತ್ ಕುರ್ಚಿಯಲ್ಲಿ ಮರಣದಂಡನೆಗೆ ಗುರಿಯಾಗುತ್ತಾನೆ. ಅವನ ಸಹಚರರು ಶವವನ್ನು ಕೊಂಡೊಯ್ದು ಔಷಧದಿಂದ ಜೀವ ಬರಿಸುತ್ತಾರೆ. ಶಿಕ್ಷೆ ಮುಗಿದುಹೋದ ಕಾರಣ ಹಳೆಯ ಅಪರಾಧಗಳಿಗಾಗಿ ಅವನನ್ನು ಯಾರೂ ಮುಟ್ಟುವಂತಿಲ್ಲ. 1951ರಲ್ಲಿ ಬಂದ ಕಿಲ್ಲರ್ ಮಾತ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಪೊಲೀಸರಿಂದಲೂ ಬ್ಯಾಟ್‌ಮನ್‌ನಿಂದಲೂ ರಕ್ಷಿಸುತ್ತೇನೆಂದು ಅವನು ಕಳ್ಳರಿಂದ ಶುಲ್ಕ ಪಡೆಯುತ್ತಾನೆ. ಬ್ಯಾಟ್‌ಮನ್‌ನನ್ನು ಕರೆಯಲು ಆಕಾಶದಲ್ಲಿ ಬಾವಲಿಯ ಗುರುತು ಬೆಳಗುವಂತೆ ಇವನನ್ನು ಕರೆಯಲು ಪತಂಗದ ಗುರುತು ಬೆಳಗುತ್ತದೆ. ಬ್ಯಾಟ್‌ಮನ್ ಇಲ್ಲದಿದ್ದರೆ ಈ ಖಳನಿಗೆ ಕೆಲಸವೇ ಇಲ್ಲ. ಮೂರನೆಯ ವಾದದವರು ತಮ್ಮ ಮಾತಿಗೆ ಇತ್ತೀಚಿನ ಕಥೆಗಳನ್ನಷ್ಟೇ ತೋರಿಸುತ್ತಾರೆ, ಬೀಜ ಮಾತ್ರ ಇಷ್ಟು ಹಳೆಯದು.

1954ರಲ್ಲಿ ಕಥೆಗಳಿಗೆ ಹೊರಗಿನಿಂದ ಲಗಾಮು ಬಿತ್ತು. ಕಾಮಿಕ್ಸ್ ಓದಿನಿಂದ ಮಕ್ಕಳು ಅಪರಾಧಕ್ಕಿಳಿಯುತ್ತಾರೆಂದು ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ವಾದಿಸಿದರು, ಅಮೆರಿಕದ ಸೆನೆಟ್ ಉಪಸಮಿತಿ ನ್ಯೂಯಾರ್ಕಿನಲ್ಲಿ ವಿಚಾರಣೆ ನಡೆಸಿತು, ಪ್ರಕಾಶಕರು ತಾವೇ ಒಂದು ಸಂಹಿತೆ ರಚಿಸಿಕೊಂಡರು. ಅಪರಾಧಿಯ ಬಗ್ಗೆ ಸಹಾನುಭೂತಿ ಹುಟ್ಟಿಸಬಾರದು, ಅಪರಾಧದ ವಿಧಾನವನ್ನು ವಿವರವಾಗಿ ತೋರಿಸಬಾರದು, ಕೊನೆಗೆ ಒಳಿತೇ ಗೆಲ್ಲಬೇಕು, ಪಾತಕಿಗೆ ಶಿಕ್ಷೆಯಾಗಬೇಕು ಎಂಬುವು ಅದರ ಮುಖ್ಯ ನಿಯಮಗಳು. ಕ್ಯಾಟ್‌ವುಮನ್ 1966ರವರೆಗೆ ಪುಟಗಳಿಂದ ಮರೆಯಾದಳು. ಸುಟ್ಟ ಮುಖದ ಟೂ-ಫೇಸ್ 1971ರವರೆಗೆ ನಿಜರೂಪದಲ್ಲಿ ಹಿಂದಿರುಗಲಿಲ್ಲ. ಜೋಕರ್ ಉಳಿದುಕೊಂಡನಾದರೂ ಕೊಲ್ಲುವುದನ್ನು ಬಿಟ್ಟು ವಿಚಿತ್ರ ವೇಷದ ಕಳ್ಳತನಗಳಿಗೆ ಇಳಿದ. 1966ರಿಂದ 1968ರವರೆಗೆ 120 ಕಂತುಗಳಲ್ಲಿ ಬಂದ ದೂರದರ್ಶನ ಧಾರಾವಾಹಿ ಈ ಹಗುರ ಖಳರನ್ನೇ ಜಗತ್ತಿಗೆಲ್ಲ ಪರಿಚಯಿಸಿತು.

ಈ ಇತಿಹಾಸದಲ್ಲಿ ಅತ್ಯಂತ ಗಮನವಿಟ್ಟು ಓದಬೇಕಾದದ್ದು ಅದರ ನಂತರದ ದಶಕ. ಧಾರಾವಾಹಿಯ ಅಲೆ ಇಳಿದ ಮೇಲೆ ಬ್ಯಾಟ್‌ಮನ್‌ನನ್ನು ಮತ್ತೆ ಕತ್ತಲಿಗೆ ಕರೆದೊಯ್ಯುವ ಕೆಲಸವನ್ನು ಕಥೆಗಾರ ಡೆನ್ನಿ ಓ’ನೀಲ್ ಮತ್ತು ಚಿತ್ರಕಾರ ನೀಲ್ ಆಡಮ್ಸ್ ಕೈಗೆತ್ತಿಕೊಂಡರು. 1971ರಲ್ಲಿ ಸಂಹಿತೆಯೂ ಸಡಿಲವಾಯಿತು. ಅದೇ ವರ್ಷ ಅವರು ಸೃಷ್ಟಿಸಿದ ರಾಸ್ ಅಲ್ ಗುಲ್, ಬ್ಯಾಟ್‌ಮನ್‌ನ ಗುಹೆಗೇ ನಡೆದುಬಂದು, ಮುಖವಾಡದ ಹಿಂದೆ ಯಾರಿದ್ದಾರೆಂಬುದು ತನಗೆ ತಿಳಿದಿದೆ ಎನ್ನುತ್ತಾನೆ. ಬ್ಯಾಟ್‌ಮನ್‌ನ ಕಿರಿಯ ಜೊತೆಗಾರ ರಾಬಿನ್‌ನ ಅಪಹರಣವಾಗಿರುತ್ತದೆ, ತನ್ನ ಮಗಳ ಅಪಹರಣವೂ ಆಗಿದೆ ಎಂದು ಹೇಳಿ ಅವನು ಬ್ಯಾಟ್‌ಮನ್‌ನೊಂದಿಗೆ ಹುಡುಕಾಟಕ್ಕೆ ಹೊರಡುತ್ತಾನೆ. ಇಡೀ ಸಂಚನ್ನು ಹೂಡಿದವನು ಅವನೇ, ಅದು ತನ್ನ ಮಗಳಿಗೆ ತಕ್ಕ ವರನೂ ತನಗೆ ತಕ್ಕ ಉತ್ತರಾಧಿಕಾರಿಯೂ ಇವನೇ ಹೌದೇ ಎಂದು ಅಳೆಯುವ ಪರೀಕ್ಷೆ ಎಂಬುದು ಕೊನೆಗೆ ಹೊರಬೀಳುತ್ತದೆ. ಇಲ್ಲಿ ಕದಿಯುವುದಕ್ಕೆ ಏನೂ ಇಲ್ಲ. ಬೇಕಾಗಿರುವುದು ಬ್ಯಾಟ್‌ಮನ್ ಎಂಬ ಮನುಷ್ಯ.

1973ರ ಸೆಪ್ಟೆಂಬರ್ ಸಂಚಿಕೆಯಲ್ಲಿ ಇದೇ ಜೋಡಿ ಜೋಕರ್‌ನನ್ನು ಮತ್ತೆ ಕೊಲೆಗಾರನನ್ನಾಗಿ ಮಾಡಿತು. ತನ್ನ ಹಳೆಯ ಐವರು ಸಹಚರರಲ್ಲಿ ಒಬ್ಬ ದ್ರೋಹ ಬಗೆದಿದ್ದಾನೆ, ಯಾರೆಂದು ಗೊತ್ತಿಲ್ಲ, ಹಾಗಾಗಿ ಐವರನ್ನೂ ಕೊಲ್ಲುತ್ತೇನೆ ಎಂದು ಅವನು ಹೊರಟಿರುತ್ತಾನೆ. ಕಥೆಯ ನಡುವೆ ಬ್ಯಾಟ್‌ಮನ್ ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿ ಬೀಳುತ್ತಾನೆ. ಮೇಲೆ ನಿಂತ ಜೋಕರ್‌ಗೆ ಮೂವತ್ತು ವರ್ಷಗಳ ವೈರಿ ಕೈಗೆ ಸಿಕ್ಕಿದ್ದಾನೆ. ಆದರೂ ಅವನು ಕೊಲ್ಲುವುದಿಲ್ಲ. ಅದೃಷ್ಟದಿಂದ ಬಂದ ಈ ಗೆಲುವು ಗೆಲುವಲ್ಲ, ಇಬ್ಬರೂ ಇಷ್ಟು ವರ್ಷ ಆಡಿದ ಆಟವಿಲ್ಲದಿದ್ದರೆ ಗೆಲ್ಲುವುದಕ್ಕೆ ಅರ್ಥವೇ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡು ಹೊರಟುಹೋಗುತ್ತಾನೆ. ಗಾಲಿಕುರ್ಚಿಯಲ್ಲಿರುವ ಐದನೆಯ ಸಹಚರನನ್ನು ಶಾರ್ಕ್ ಮೀನಿನ ತೊಟ್ಟಿಯ ಬಳಿ ಎಳೆತಂದಾಗ, ಆ ಮುದುಕನ ಬದಲಿಗೆ ತನ್ನನ್ನು ತೆಗೆದುಕೋ ಎಂದು ಬ್ಯಾಟ್‌ಮನ್ ಮುಂದೆ ಬರುತ್ತಾನೆ. ಒಬ್ಬನಿಗೆ ಆಟ ಮುಖ್ಯ, ಇನ್ನೊಬ್ಬನಿಗೆ ಪಾತಕಿಯ ಜೀವವೂ ಮುಖ್ಯ. ಇಬ್ಬರ ನಡುವಿನ ಇಷ್ಟು ದೊಡ್ಡ ವ್ಯತ್ಯಾಸವನ್ನು ಇಷ್ಟು ಕಡಿಮೆ ಪುಟಗಳಲ್ಲಿ ಹೇಳಿದ ಇನ್ನೊಂದು ಕಥೆ ಈ ಸರಣಿಯಲ್ಲಿ ಇಲ್ಲವೆಂದೇ ಹೇಳಬೇಕು.

ಆ ಕಥೆಯಲ್ಲಿ ಜೋಕರ್ ತಪ್ಪಿಸಿಕೊಂಡು ಬಂದದ್ದು ಸೆರೆಮನೆಯಿಂದಲ್ಲ, ಮಾನಸಿಕ ರೋಗಿಗಳಾದ ಅಪರಾಧಿಗಳನ್ನು ಇಡುವ ಆಸ್ಪತ್ರೆಯಿಂದ. ಮರುವರ್ಷ, 1974ರಲ್ಲಿ, ಅಂಥ ಜಾಗಕ್ಕೆ ಆರ್ಕಮ್ ಎಂಬ ಹೆಸರು ಬಂತು. ಈ ಬದಲಾವಣೆಯ ಪರಿಣಾಮ ದೊಡ್ಡದು. ಬುದ್ಧಿ ಸ್ವಾಧೀನದಲ್ಲಿಲ್ಲದವನಿಗೆ ಮರಣದಂಡನೆ ಇಲ್ಲ; ಹಾಗಾಗಿ ಜೋಕರ್ ಎಷ್ಟು ಜನರನ್ನು ಕೊಂದರೂ ಬದುಕಿರುವುದಕ್ಕೆ ಕಥೆಯೊಳಗೇ ಒಂದು ಕಾನೂನಿನ ನೆಪ ಸಿಕ್ಕಿತು. ಮಾನಸಿಕ ಕಾಯಿಲೆಯವರೆಂದರೆ ಕೊಲೆಗಡುಕರು ಎಂಬ ತಪ್ಪು ಭಾವನೆಯನ್ನು ಈ ನೆಪ ಬೆಳೆಸಿತೆಂಬುದನ್ನೂ ಇಲ್ಲಿಯೇ ಹೇಳಬೇಕು. ಗೋಡೆಗಳು ಮಾತ್ರ ಯಾರನ್ನೂ ಹಿಡಿದಿಡಲಿಲ್ಲ.

1978ರಲ್ಲಿ ಸ್ಟೀವ್ ಎಂಗಲ್‌ಹಾರ್ಟ್ ಮತ್ತು ಮಾರ್ಷಲ್ ರಾಜರ್ಸ್ ಎರಡು ಸಂಚಿಕೆಗಳಲ್ಲಿ ಹೇಳಿದ ಕಥೆಯಲ್ಲಿ ಜೋಕರ್ ಸಮುದ್ರದ ಮೀನುಗಳಿಗೆಲ್ಲ ತನ್ನ ನಗುಮುಖ ಬರುವಂತೆ ಮಾಡಿ, ಅವುಗಳ ಹಕ್ಕುಸ್ವಾಮ್ಯ ಬೇಕೆಂದು ಸರ್ಕಾರಿ ಕಚೇರಿಗೆ ಹೋಗುತ್ತಾನೆ. ಮೀನು ಪ್ರಕೃತಿಯ ಸಂಪತ್ತು, ಅದಕ್ಕೆ ಹಕ್ಕು ಕೊಡಲಾಗದು ಎನ್ನುವ ಗುಮಾಸ್ತನಿಗೆ ಅವನು ಮಧ್ಯರಾತ್ರಿಯ ಗಡುವು ಕೊಡುತ್ತಾನೆ. 1940ರ ಕ್ಲಾರಿಜ್‌ನಂತೆಯೇ ಈ ಗುಮಾಸ್ತನೂ ಬ್ಯಾಟ್‌ಮನ್ ಮತ್ತು ಪೊಲೀಸರ ಕಾವಲಿನ ನಡುವೆಯೇ ಸಾಯುತ್ತಾನೆ. ಹುಚ್ಚುತನ ಪರಮಾವಧಿಗೆ ಮುಟ್ಟಿದ್ದರೂ ಜೋಕರ್‌ಗೆ ಇಲ್ಲಿ ಒಂದು ಬೇಡಿಕೆ ಇದೆ, ಅದರ ಹಿಂದೆ ಅವನದೇ ಲೆಕ್ಕಾಚಾರವಿದೆ. ಅಂಥ ಬೇಡಿಕೆ ಮುಂದಿನ ದಶಕದಿಂದ ತೆಳುವಾಗುತ್ತ ಹೋಯಿತು.

1986ರಲ್ಲಿ ಫ್ರ್ಯಾಂಕ್ ಮಿಲ್ಲರ್ ಬರೆದು ಚಿತ್ರಿಸಿದ ‘ದ ಡಾರ್ಕ್ ನೈಟ್ ರಿಟರ್ನ್ಸ್’ನಲ್ಲಿ, ಬ್ಯಾಟ್‌ಮನ್ ನಿವೃತ್ತನಾಗಿರುವಷ್ಟು ಕಾಲ ಜೋಕರ್ ಮಾತಿಲ್ಲದ ಜಡ ರೋಗಿ, ಟೀವಿಯಲ್ಲಿ ಬ್ಯಾಟ್‌ಮನ್ ಮರಳಿದ ಸುದ್ದಿ ಕಂಡ ಕ್ಷಣ ಅವನ ಮುಖದಲ್ಲಿ ನಗು ಹರಡುತ್ತದೆ. ನಾಯಕನಿಂದಲೇ ಖಳ ಎಂಬ ವಾದಕ್ಕೆ ಇದಕ್ಕಿಂತ ಬಲವಾದ ಚಿತ್ರ ಸಿಗಲಾರದು. 1988ರ ‘ದ ಕಿಲ್ಲಿಂಗ್ ಜೋಕ್’ನಲ್ಲಿ (ಕಥೆ ಅಲನ್ ಮೂರ್, ಚಿತ್ರ ಬ್ರಯನ್ ಬೋಲಂಡ್) ಪೊಲೀಸ್ ಅಧಿಕಾರಿ ಗಾರ್ಡನ್‌ನ ಮಗಳು ಬಾರ್ಬರಾ ಬಾಗಿಲು ತೆರೆಯುತ್ತಾಳೆ, ಹೊರಗೆ ನಿಂತ ಜೋಕರ್ ಗುಂಡು ಹಾರಿಸುತ್ತಾನೆ. ಅವಳ ಬಳಿ ಅವನಿಗೆ ಬೇಕಾದದ್ದೇನೂ ಇಲ್ಲ. ಅವಳ ನರಳಾಟದ ಫೋಟೊಗಳನ್ನು ತಂದೆಗೆ ತೋರಿಸಿ, ಯಾವ ಮನುಷ್ಯನಾದರೂ ಒಂದೇ ದಿನದಲ್ಲಿ ಹುಚ್ಚನಾಗಬಲ್ಲ ಎಂದು ಸಾಧಿಸಬೇಕು, ಅಷ್ಟೆ. ಗಾರ್ಡನ್ ಹುಚ್ಚನಾಗುವುದಿಲ್ಲ, ಕಾನೂನಿನ ಪ್ರಕಾರವೇ ಅವನನ್ನು ಹಿಡಿದು ತಾ ಎಂದು ಬ್ಯಾಟ್‌ಮನ್‌ಗೆ ಹೇಳುತ್ತಾನೆ. ಗಾರ್ಡನ್‌ನ ಆ ಸ್ಥೈರ್ಯವನ್ನು ಮೆಚ್ಚಿದ ವಿಮರ್ಶೆಗಳು ಹಲವು. ಗಾಲಿಕುರ್ಚಿ ಹಿಡಿದ ಬಾರ್ಬರಾಳ ಮಾತೇನು ಎಂದು ಕೇಳಿದ್ದು ಕಿಮ್ ಯೇಲ್ ಮತ್ತು ಜಾನ್ ಆಸ್ಟ್ರಾಂಡರ್. ಮರುವರ್ಷ ಅವರು ಅವಳನ್ನು ಆರಕಲ್ ಎಂಬ ಹೊಸ ಹೆಸರಿನಲ್ಲಿ, ಗಣಕದ ಮುಂದೆ ಕುಳಿತು ಹೋರಾಡುವವಳಾಗಿ ಮರಳಿ ತಂದರು. ಈ ಇಡೀ ಇತಿಹಾಸದಲ್ಲಿ ಅದೊಂದು ಘನವಾದ ಕೆಲಸ.

1988ರಲ್ಲೇ ಓದುಗರೂ ಸಂಚಿನಲ್ಲಿ ಪಾಲು ಪಡೆದರು. ಎರಡನೆಯ ರಾಬಿನ್ ಜೇಸನ್ ಟಾಡ್‌ನನ್ನು ಜೋಕರ್ ಕಬ್ಬಿಣದ ಸಲಾಕೆಯಿಂದ ಬಡಿದು ಬಾಂಬಿನ ಬಳಿ ಬಿಟ್ಟುಹೋಗುವಲ್ಲಿಗೆ ಒಂದು ಸಂಚಿಕೆ ನಿಂತಿತು. ಅವನು ಬದುಕಬೇಕೆ, ಸಾಯಬೇಕೆ ಎಂದು ತಿಳಿಸಲು ಎರಡು ದೂರವಾಣಿ ಸಂಖ್ಯೆಗಳನ್ನು ಕೊಡಲಾಗಿತ್ತು, ಕರೆಗೆ 50 ಸೆಂಟ್. 36 ಗಂಟೆಗಳಲ್ಲಿ 5,343 ಕರೆಗಳು ಸಾವಿನ ಪರ, 5,271 ಕರೆಗಳು ಬದುಕಿನ ಪರ ಬಂದವು. 72 ಕರೆಗಳ ಅಂತರದಲ್ಲಿ ಆ ಹುಡುಗ ಸತ್ತ. ಜೋಕರ್ ಇನ್ನೂ ಏಕೆ ಬದುಕಿದ್ದಾನೆ ಎಂಬ ಪ್ರಶ್ನೆ ತೀವ್ರವಾದದ್ದು ಇಲ್ಲಿಂದ ಮುಂದೆ.

ನಂತರದ್ದು ಹೆಚ್ಚಾಗಿ ಏರಿಕೆಯ ಕಥೆ. 1993ರಲ್ಲಿ ಬೇನ್ ಎಂಬ ಖಳ ಆರ್ಕಮ್‌ನ ಗೋಡೆ ಒಡೆದು ಖಳರನ್ನೆಲ್ಲ ಬೀದಿಗೆ ಬಿಟ್ಟ; ಅವರನ್ನು ಹಿಡಿದು ಹಿಡಿದು ಬ್ಯಾಟ್‌ಮನ್ ಸೊರಗಿದ ಮೇಲೆ ಅವನ ಮನೆಯಲ್ಲೇ ಕಾದಿದ್ದು ಬೆನ್ನುಮೂಳೆ ಮುರಿದ. ಸಂಚಿನ ಜಾಣ್ಮೆಯ ದೃಷ್ಟಿಯಿಂದ ಇದು ಅಚ್ಚುಕಟ್ಟಾದ ಯುದ್ಧತಂತ್ರ. ಸತ್ತಿದ್ದ ಜೇಸನ್ ಟಾಡ್ 2005ರ ಸುಮಾರಿಗೆ ಜೀವಂತವಾಗಿ ಮರಳಿ, ನನ್ನನ್ನು ಉಳಿಸಲಿಲ್ಲವೆಂಬ ದೂರಿಲ್ಲ, ಜೋಕರ್‌ನನ್ನೇಕೆ ಉಳಿಸಿದೆ ಎಂದು ಬ್ಯಾಟ್‌ಮನ್‌ಗೆ ಕೇಳಿದ. ಒಮ್ಮೆ ಆ ದಾರಿ ಹಿಡಿದರೆ ಹಿಂದಿರುಗಲಾರೆ ಎಂಬುದು ಬ್ಯಾಟ್‌ಮನ್ ಕೊಟ್ಟ ಉತ್ತರ. 2008ರ ‘ದ ಡಾರ್ಕ್ ನೈಟ್’ ಚಿತ್ರದಲ್ಲಿ ಜೋಕರ್ ನೋಟಿನ ರಾಶಿಗೆ ಬೆಂಕಿ ಹಚ್ಚಿದಾಗ, ವಜ್ರಕ್ಕಾಗಿ ವಿಷ ಚುಚ್ಚಿದ ಹಳೆಯ ಜೋಕರ್‌ನ ಕೊನೆಯ ಎಳೆಯೂ ಕಡಿದುಹೋಯಿತು.

ಈ ಏರಿಕೆಗೆ ಯಾವ ಒಬ್ಬ ಕಥೆಗಾರನೂ ಸಂಪಾದಕನೂ ಹೊಣೆಯಲ್ಲ. ತಿಂಗಳಿಗೊಮ್ಮೆ ಬರುವ ಪತ್ರಿಕೆಗೆ ಪರಿಚಿತ ಖಳ ಬೇಕು, ಹೊಸದಾಗಿ ಬಂದ ಪ್ರತಿಯೊಬ್ಬ ಬರಹಗಾರನಿಗೂ ಹಿಂದಿನವನಿಗಿಂತ ಭೀಕರವಾದ ಸಂಚು ಬೇಕು, ನಾಯಕ ಕೊಲ್ಲುವಂತಿಲ್ಲ, ಖಳ ಸಾಯುವಂತಿಲ್ಲ. ಹಾಗಾದಾಗ ಪೆಟ್ಟು ಬೀಳುವುದು ಬಾರ್ಬರಾ, ಜೇಸನ್ ಅಂಥವರ ಮೇಲೆ, ಹೆಸರೂ ಇಲ್ಲದ ಗಾಥಮ್ ನಿವಾಸಿಗಳ ಮೇಲೆ. ಬ್ಯಾಟ್‌ಮನ್‌ನ ನೀತಿಯ ಬಗ್ಗೆ ನಡೆಯುವ ಚರ್ಚೆಯಲ್ಲಿ ಇವರ ಲೆಕ್ಕ ವಿರಳವಾಗಿ ಬರುತ್ತದೆ. ಕೊಲ್ಲಬೇಕಿತ್ತೇ ಎಂಬುದಕ್ಕಿಂತ, ಇಷ್ಟೊಂದು ಜನ ಸಾಯಲೇಬೇಕಿತ್ತೇ ಎಂಬುದು ಮೊದಲು ಕೇಳಬೇಕಾದ ಪ್ರಶ್ನೆ. ಏನನ್ನೋ ಬಯಸುವ ಖಳನನ್ನು ತಡೆಯಬಹುದು, ಅವನೊಂದಿಗೆ ಕಥೆ ಮುಗಿಯಬಹುದು. ನಾಯಕನನ್ನೇ ಬಯಸುವ ಖಳನ ಕಥೆಗೆ ಮುಕ್ತಾಯವೇ ಇರುವುದಿಲ್ಲ.

2011ರ ಜನವರಿಯಲ್ಲಿ, ಬ್ಯಾಟ್‌ಮನ್ ಕಥೆಗಳನ್ನು ಪ್ರಕಟಿಸುವ ಡಿಸಿ ಸಂಸ್ಥೆ 1954ರ ಸಂಹಿತೆಯನ್ನು ಪೂರ್ತಿ ಕೈಬಿಟ್ಟಿತು. 1975ರಲ್ಲಿ ಜೋಕರ್ ಹೆಸರಿನಲ್ಲೇ ಆರಂಭವಾಗಿದ್ದ ಪತ್ರಿಕೆ, ಪಾತಕಿಗೆ ಶಿಕ್ಷೆಯಾಗಲೇಬೇಕೆಂಬ ನಿಯಮದ ನಡುವೆ, ಒಂಬತ್ತು ಸಂಚಿಕೆಗಳಿಗೆ ನಿಂತುಹೋಗಿತ್ತು. 2021ರಲ್ಲಿ ಅದೇ ಹೆಸರಿನ ಹೊಸ ಪತ್ರಿಕೆ ಆರಂಭವಾದಾಗ ಅದರ ಮುಖ್ಯ ಪಾತ್ರ ನಿವೃತ್ತ ಗಾರ್ಡನ್. ಜೋಕರ್‌ನನ್ನು ಹುಡುಕಿ ಕೊಲ್ಲಲು ಅವನಿಗೆ ಹಣ ಕೊಡುವ ಪ್ರಸ್ತಾಪ ಬರುತ್ತದೆ, ಮಗಳ ಮೇಲೆ ಗುಂಡು ಹಾರಿಸಿದವನ ಬೆನ್ನು ಹತ್ತಿ ಅವನು ದೇಶದೇಶ ಅಲೆಯುತ್ತಾನೆ. ಆ ಸರಣಿ ಮುಗಿದ ಮೇಲೂ ಜೋಕರ್ ಬದುಕಿದ್ದಾನೆ.