ಉದ್ದಕಾಲಿನ ನೆಲಮಾಳಿಗೆ ಜೇಡಗಳು: ಗುಳಿ, ಗೂನು, ಪಾಲ್ಪ್

ಉದ್ದಕಾಲಿನ ನೆಲಮಾಳಿಗೆ ಜೇಡಗಳ ಕುಟುಂಬವಾದ ಫೋಲ್ಸಿಡೇಯನ್ನು ಗುರುತಿಸುವುದು ಸುಲಭ. ಅಡ್ಡಾದಿಡ್ಡಿ ಬಲೆಯಲ್ಲಿ ತಲೆಕೆಳಗಾಗಿ ತೂಗುತ್ತವೆ, ಮುಟ್ಟಿದರೆ ಮೈಯನ್ನು ಗರಗರ ಅಲುಗಿಸುತ್ತವೆ. ಹೆಣ್ಣು ಕೆಲವೇ ಎಳೆ ನೂಲು ಸುತ್ತಿದ ಮೊಟ್ಟೆಗಳನ್ನು ಬಾಯಲ್ಲೇ ಕಚ್ಚಿಕೊಂಡಿರುತ್ತದೆ. ಮೈ ನಡುವಿಲ್ಲದ ಒಂದೇ ಉಂಡೆಯಾಗಿದ್ದು ಎರಡೇ ಕಣ್ಣಿದ್ದರೆ ಅದು ಜೇಡವೇ ಅಲ್ಲ, ಒಪಿಲಿಯೋನಿಸ್ ಗುಂಪಿನದು.

ತೊಡಕು ಶುರುವಾಗುವುದು ಕುಲ ಹೇಳುವಾಗ. ಬಣ್ಣ, ಕಾಲಿನ ಉದ್ದ ಎರಡನ್ನೂ ಬದಿಗಿಡಿ. ಶಿರೋವಕ್ಷದ (ತಲೆ, ಎದೆ ಕೂಡಿದ ಮುಂಭಾಗ) ಮೇಲ್ಚಿಪ್ಪಿನ ನಡುವೆ ಗುಳಿ ಇದೆಯೇ ನೋಡಿ. ಫೋಲ್ಕಸ್‌ನಲ್ಲಿ ಇಲ್ಲ, ಕ್ರಾಸೊಪ್ರೈಜಾ, ಸ್ಮೆರಿಂಗೋಪಸ್, ಆರ್ಟೆಮಾಗಳಲ್ಲಿ ಇದೆ. ಆಮೇಲೆ ಉದರವನ್ನು ಪಕ್ಕದಿಂದ ನೋಡಿ. ಕ್ರಾಸೊಪ್ರೈಜಾ ಲಯೋನಿಯಲ್ಲಿ ಹಿಂಭಾಗ ಗೂನಿನಂತೆದ್ದು ಪೆಟ್ಟಿಗೆಯ ಮೂಲೆಯಂತಿರುತ್ತದೆ. ಸ್ಮೆರಿಂಗೋಪಸ್‌ನದು ಉದ್ದನೆಯ ಕೊಳವೆ, ಆರ್ಟೆಮಾದ್ದು ದೊಡ್ಡ ಗುಂಡು. ಆದರೆ ಬಸುರಿ ಹೆಣ್ಣಿನ ಉದರ ಉಬ್ಬಿರುತ್ತದೆ, ಹಸಿದದ್ದು ಕುಗ್ಗಿರುತ್ತದೆ. ಹಾಗಾಗಿ ಆಕಾರವೊಂದನ್ನೇ ನಂಬಿದರೆ ಮೋಸ ಹೋಗುತ್ತೀರಿ.

ಪ್ರಭೇದಕ್ಕೆ ಬೆಳೆದ ಗಂಡು ಬೇಕು. ಮರಿಗೆ ಹೆಸರಿಡಲು ಹೋಗಬೇಡಿ. ಚೆಲಿಸೆರಾಗಳ (ವಿಷಹಲ್ಲಿರುವ ದವಡೆಗಳ) ಮುಂಬದಿಯ ಚಾಚುಗಳು, ಪಾಲ್ಪ್‌ನ (ಬಾಯಿಯ ಪಕ್ಕದ ಪುಟ್ಟ ಕಾಲಿನಂಥ ಅಂಗದ) ವೀರ್ಯ ಸಾಗಿಸುವ ಬಲ್ಬ್, ಅದರ ಪಕ್ಕದ ಪ್ರೋಕರ್ಸಸ್ ಎಂಬ ಚಾಚು: ತೀರ್ಪು ಇಲ್ಲೇ. ಪಾಲ್ಪ್ ಕೊಂಚ ವಾಲಿದರೂ ಪ್ರೋಕರ್ಸಸ್ ಬೇರೆ ಪ್ರಭೇದದ್ದರಂತೆ ಕಾಣುತ್ತದೆ. ತಟ್ಟೆಯಲ್ಲಿ ಸಣ್ಣ ಮರಳು ಹರಡಿ ಪಾಲ್ಪನ್ನು ಅದರಲ್ಲಿ ಊರಿ, ಒಳಬದಿ ಮತ್ತು ಹೊರಬದಿ ಎರಡರ ಚಿತ್ರವನ್ನೂ ನೇರ ನೋಟದಲ್ಲಿ ಬರೆಯಿರಿ. ಫೋಟೋ ಸಾಲದು, ಕೈಯಿಂದ ಬರೆಯುವಾಗಲೇ ಎಷ್ಟೋ ಅಂಚುಗಳು ಕಣ್ಣಿಗೆ ಬೀಳುವುದು.

ಜೇಡವನ್ನು ಕಾಲು ಹಿಡಿದು ಎತ್ತಿದರೆ ಕಾಲು ಬುಡದಲ್ಲೇ ಕಳಚಿಕೊಳ್ಳುತ್ತದೆ. ಕೆಳಗೆ ಸೀಸೆ ಒಡ್ಡಿ ಬ್ರಶ್‌ನಿಂದ ತಳ್ಳಿ. 70–80 ಶೇಕಡಾ ಎಥನಾಲ್, ಒಂದು ಸೀಸೆಗೆ ಒಂದೇ ಜೇಡ. ಎರಡು ಹಾಕಿದರೆ ಬಿದ್ದ ಕಾಲು ಯಾವುದರದೆಂದು ಹೇಳಲಾಗದು.

ಅಳತೆಗಳಲ್ಲಿ ಒಟ್ಟು ಉದ್ದ, ಮೇಲ್ಚಿಪ್ಪಿನ ಅಗಲ, ಮೊದಲ ಕಾಲಿನ ಟಿಬಿಯಾ (ಮೊಣಕಾಲಿನಂಥ ಗೆಣ್ಣಿನ ಮುಂದಿನ ಉದ್ದ ತುಂಡು) ಉದ್ದ ತಪ್ಪಬಾರದು. ಟಿಬಿಯಾ ಉದ್ದವನ್ನು ಅದರ ದಪ್ಪದಿಂದ ಭಾಗಿಸಿ: 9 ಮಿ.ಮೀ. ಉದ್ದ, 0.15 ಮಿ.ಮೀ. ದಪ್ಪವಾದರೆ 60. ಅದೇ ಟಿಬಿಯಾದ ಹೊರಬದಿಯ ಟ್ರೈಕೊಬೋಥ್ರಿಯಂ ಎಂಬ, ಗಾಳಿಯ ಅಲುಗಾಟ ಗ್ರಹಿಸುವ ಕೂದಲು ಟಿಬಿಯಾದ ಬುಡದಿಂದ ಶೇಕಡಾ ಎಷ್ಟು ದೂರದಲ್ಲಿದೆ ಎಂಬುದನ್ನೂ ಬರೆಯಿರಿ.

ಹೆಣ್ಣಿನಲ್ಲಿ ಎಪಿಜೈನ್ (ಉದರದ ಕೆಳಬದಿಯ ಜನನಾಂಗ) ಫಲಕದ ಹೊರನೋಟ ಸಾಲದಿದ್ದರೆ ಅದನ್ನು ಬಿಡಿಸಿ ತೆಗೆದು, ಲವಂಗದ ಎಣ್ಣೆಯಲ್ಲಿ ಪಾರದರ್ಶಕಗೊಳಿಸಿ, ಒಳಗಿನ ರಂಧ್ರಫಲಕಗಳ (ಗ್ರಂಥಿಗಳ ಸಣ್ಣ ರಂಧ್ರಗಳಿರುವ ಫಲಕಗಳ) ಆಕಾರ ಮತ್ತು ಅವುಗಳ ನಡುವಿನ ಅಂತರ ಗುರುತಿಸಿ.